ಶಾಲೆಯಲ್ಲಿ ಗೇಯನಾಟಕ: ಸವಾಲಿನ ಮೂಲಕ ಮಕ್ಕಳ ಬೆಳವಣಿಗೆ

ವಾರ್ಷಿಕೋತ್ಸವದ ದಿನ ಹತ್ತಿರವಾದಂತೆ ಪ್ರತಿಯೊಂದು ಶಾಲೆಯೂ ಒಂದು ಆಯ್ಕೆಯನ್ನು ಮಾಡಬೇಕಾಗುತ್ತದೆ. ಧ್ವನಿಮುದ್ರಿತ ಹಾಡೊಂದನ್ನು ಹಾಕಿ, ಚುರುಕಾದ ಎಂಟು ಹತ್ತು ಮಕ್ಕಳಿಗೆ ಬಾಡಿಗೆಯ ಉಡುಪು ತೊಡಿಸಿ ಕುಣಿಸಿದರೆ ಕಾರ್ಯಕ್ರಮವು ಸುಲಭವಾಗಿ ಮುಗಿಯುತ್ತದೆ. ನೋಡುವವರಿಗೂ ಸಂತೋಷವಾಗುತ್ತದೆ. ಮಕ್ಕಳು ತಾವೇ ಹಾಡಿ, ತಾವೇ ತಾಳ ಹಿಡಿದು, ತಮ್ಮ ಮಾತಿನಲ್ಲಿಯೇ ಕಥೆಯನ್ನು ನಡೆಸಿಕೊಂಡು ಹೋಗುವ ಗೇಯನಾಟಕವು ಇದಕ್ಕಿಂತ ಎಷ್ಟೋ ಪಾಲು ಕಷ್ಟದ ಕೆಲಸ. ಶ್ರುತಿ ತಪ್ಪಬಹುದು, ಮಾತು ಮರೆಯಬಹುದು, ಸರದಿ ಮೀರಬಹುದು. ಆದರೆ ಮಗು ಬೆಳೆಯುವುದು ಈ ಕಷ್ಟದ ಮೂಲಕವೇ. ಅಧ್ಯಾಪಕರ ಮುಖ್ಯ ಕರ್ತವ್ಯವು ಮಗುವಿನ ಕೈಯಿಂದ ಕಷ್ಟವನ್ನು ಕಿತ್ತುಕೊಳ್ಳದೆ, ಅದು ಹೊರಬಲ್ಲಷ್ಟು ಅಳತೆಯಲ್ಲಿ ಒದಗಿಸುವುದು. ಆ ಅಳತೆಯನ್ನು ಹೇಗೆ ಕಂಡುಕೊಳ್ಳಬಹುದು ಎಂಬುದು ಈ ಲೇಖನದ ವಿಷಯ.

ಗಡಿಯಾಚೆಯ ಕನ್ನಡ ಶಾಲೆಗಳಿಗೆ ಈ ವಿಷಯವು ಇನ್ನಷ್ಟು ಮಹತ್ತ್ವದ್ದಾಗಿದೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣದ ಸೌಲಭ್ಯವನ್ನು ಒದಗಿಸಲು ಪ್ರತಿ ರಾಜ್ಯವೂ ಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿಯು ಹೇಳುತ್ತದೆ. ಭಾಷಾವಾರು ಪ್ರಾಂತಗಳ ಮರುವಿಂಗಡಣೆಯ ವರ್ಷವಾದ 1956ರ ಏಳನೆಯ ತಿದ್ದುಪಡಿಯಿಂದ ಈ ವಿಧಿಯು ಸೇರಿತು. ಆದರೆ ಸೌಲಭ್ಯವಿದ್ದ ಮಾತ್ರಕ್ಕೆ ಭಾಷೆಯು ಮಗುವಿನದಾಗುವುದಿಲ್ಲ. ಮನೆಯಲ್ಲಿ ತುಳು, ಮಲಯಾಳ, ಕೊಂಕಣಿ, ಮರಾಠಿ, ತೆಲುಗು, ತಮಿಳು, ಉರ್ದು ಅಥವಾ ಬಡಗ ಮಾತಾಡುವ ಮಕ್ಕಳು ನಮ್ಮ ತರಗತಿಗಳಲ್ಲಿ ಅನೇಕರಿದ್ದಾರೆ. ಅಂಗಡಿ, ಬಸ್ಸು, ಕಚೇರಿಗಳಲ್ಲಿ ಆ ರಾಜ್ಯದ ಭಾಷೆ ನಡೆಯುತ್ತದೆ. ಹೀಗಿರುವಾಗ ಕನ್ನಡವು ಪಾಠಪುಸ್ತಕಕ್ಕೂ ಪರೀಕ್ಷೆಗೂ ಮಾತ್ರ ಬೇಕಾದ ಭಾಷೆಯಾಗಿ ಕುಗ್ಗುವ ಅಪಾಯವಿದೆ. ನೂರಾರು ಜನರ ಮುಂದೆ ನಿಂತು, ದೊಡ್ಡ ದನಿಯಲ್ಲಿ, ತನಗೆ ಅರ್ಥವಾದ ಮಾತನ್ನು ಕನ್ನಡದಲ್ಲಿ ಆಡುವ ಅವಕಾಶವು ಇಂಥ ಮಗುವಿಗೆ ರಂಗದ ಮೇಲಲ್ಲದೆ ಬೇರೆಡೆ ದೊರೆಯುವುದು ವಿರಳ.

ಗಡಿನಾಡಿನ ಹಾಡುವ ರಂಗಭೂಮಿ

ಹಾಡು, ಮಾತು, ಚಲನೆ ಈ ಮೂರರ ಮೂಲಕ ಕಥೆಯನ್ನು ಹೇಳುವ ನಾಟಕವೇ ಗೇಯನಾಟಕ. ಇದು ನಮ್ಮ ಪ್ರದೇಶಗಳಿಗೆ ಹೊರಗಿನಿಂದ ಬಂದ ವಸ್ತುವಲ್ಲ. ತೆಂಕುತಿಟ್ಟು ಯಕ್ಷಗಾನದ ಆದ್ಯ ಕವಿಯೆಂದು ಗೌರವಿಸಲ್ಪಡುವ ಪಾರ್ತಿಸುಬ್ಬನು ಕಾಸರಗೋಡಿನ ಕುಂಬಳೆಯವನು. ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವು ಸ್ಪರ್ಧೆಯ ವಿಷಯವಾಗಿರುವುದರಿಂದ ಅಲ್ಲಿನ ಶಾಲೆಗಳಿಗೆ ಈ ಕಲೆಯ ಬಾಗಿಲು ತೆರೆದೇ ಇದೆ.

ಜತ್ತ ತಾಲ್ಲೂಕು ಸೇರಿರುವ ಸಾಂಗಲಿ ಜಿಲ್ಲೆಯ ಚರಿತ್ರೆಯೂ ತಿಳಿದಿರಬೇಕಾದದ್ದು. ಕರ್ನಾಟಕದಿಂದ ಬಂದ ಭಾಗವತ ಮೇಳವೊಂದರ ಆಟವನ್ನು ಕಂಡ ಸಾಂಗಲಿಯ ಅರಸರು ಮರಾಠಿಯಲ್ಲಿಯೂ ಅಂಥದ್ದೊಂದನ್ನು ರಚಿಸುವಂತೆ ವಿಷ್ಣುದಾಸ ಭಾವೆಯವರಿಗೆ ಸೂಚಿಸಿದರು. 1843ರಲ್ಲಿ ಪ್ರದರ್ಶನಗೊಂಡ ‘ಸೀತಾ ಸ್ವಯಂವರ’ದಿಂದ ಮರಾಠಿ ರಂಗಭೂಮಿಯ ಇತಿಹಾಸವನ್ನು ಎಣಿಸಲಾಗುತ್ತದೆ. 1880ರಲ್ಲಿ ಪುಣೆಯಲ್ಲಿ ‘ಶಾಕುಂತಲ’ವನ್ನು ಆಡಿಸಿ ಮರಾಠಿ ಸಂಗೀತ ನಾಟಕಕ್ಕೆ ಅಡಿಗಲ್ಲು ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಇಂದಿನ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಆದೋನಿ, ರಾಯದುರ್ಗ ತಾಲ್ಲೂಕುಗಳು 1953ರವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿದ್ದವು; ಆ ಬಳ್ಳಾರಿಯಲ್ಲಿ ಧರ್ಮವರಂ ರಾಮಕೃಷ್ಣಮಾಚಾರ್ಯರೂ ಬಳ್ಳಾರಿ ರಾಘವರೂ ನಾಟಕವನ್ನು ಬೆಳೆಸಿದರು. ಸೊಲ್ಲಾಪುರವು ವಚನಕಾರ ಸಿದ್ಧರಾಮನ ಸೊನ್ನಲಿಗೆ. ತಾಳವಾಡಿಯ ಸುತ್ತಮುತ್ತ ಮಲೆ ಮಾದಪ್ಪನ ಕಥೆಯನ್ನು ಕಂಸಾಳೆಯ ತಾಳದೊಂದಿಗೆ ಹಾಡುವವರಿದ್ದಾರೆ. ನೀಲಗಿರಿಯ ಬಡಗರಲ್ಲಿ ಹಾಡು ಕುಣಿತಗಳಿಲ್ಲದ ಹಬ್ಬವಿಲ್ಲ.

ಈ ಸಂಗತಿಗಳಿಂದ ತಿಳಿಯಬೇಕಾದದ್ದು ಎರಡು. ಮೊದಲನೆಯದಾಗಿ, ಕನ್ನಡದ ಹಾಡುಗಬ್ಬವೂ ನೆರೆಭಾಷೆಗಳ ರಂಗಭೂಮಿಯೂ ಒಂದರಿಂದೊಂದು ಕಲಿತಿವೆ. ಆದುದರಿಂದ ಗಡಿನಾಡಿನ ಮಗುವು ಎರಡು ಭಾಷೆಗಳ ನಡುವೆ ಇರುವುದು ಕೊರತೆಯೆಂದು ಭಾವಿಸಬೇಕಾಗಿಲ್ಲ. ಎರಡನೆಯದಾಗಿ, ಶಾಲೆಯ ನಾಟಕಕ್ಕೆ ಬೇಕಾದ ಸಂಗೀತವು ಊರಿನಲ್ಲಿಯೇ ಇದೆ. ಭಜನೆಯ ಮುಂದಾಳು, ಮೇಳದ ಭಾಗವತರು, ಸೋಬಾನೆ ಹಾಡುವ ಅಜ್ಜಿ ಇವರನ್ನು ಒಂದೆರಡು ದಿನ ಶಾಲೆಗೆ ಆಹ್ವಾನಿಸಿದರೆ ಮಟ್ಟುಗಳು ದೊರೆಯುತ್ತವೆ. ಆದರೆ ಪ್ರದರ್ಶನದ ದಿನ ಹಾಡಬೇಕಾದವರು ಮಕ್ಕಳೇ.

ಸವಾಲು ಮತ್ತು ಹೊರೆ

ಎಲ್ಲ ಕಷ್ಟವೂ ಮಗುವನ್ನು ಬೆಳೆಸುವುದಿಲ್ಲ. ಕೆಲವು ಕಷ್ಟಗಳು ಅದನ್ನು ಕುಗ್ಗಿಸುತ್ತವೆ. ಮಗುವು ಒಂಟಿಯಾಗಿ ಮಾಡಬಲ್ಲ ಕೆಲಸಕ್ಕೂ ತಿಳಿದವರ ನೆರವಿನಿಂದ ಮಾಡಬಲ್ಲ ಕೆಲಸಕ್ಕೂ ನಡುವೆ ಇರುವ ಅಂತರವೇ ಕಲಿಕೆಯ ನಿಜವಾದ ಕ್ಷೇತ್ರವೆಂದು ಲೆವ್ ವೈಗೋಟ್‌ಸ್ಕಿ (1896–1934) ವಿವರಿಸಿದುದನ್ನು ಅಧ್ಯಾಪಕರೆಲ್ಲರೂ ತರಬೇತಿಯಲ್ಲಿ ಓದಿರುತ್ತಾರೆ. ಆ ಅಂತರದೊಳಗೆ ಬರುವ ಕಷ್ಟವು ಸವಾಲು, ಅದರಾಚೆಯದು ಹೊರೆ. ರಂಗಾಭ್ಯಾಸದಲ್ಲಿ ಇವೆರಡನ್ನು ಬೇರ್ಪಡಿಸಲು ಮೂರು ಪ್ರಶ್ನೆಗಳು ನೆರವಾಗುತ್ತವೆ. ತಾನು ಏನು ಮಾಡಬೇಕೆಂಬುದು ಮಗುವಿಗೆ ಸ್ಪಷ್ಟವಾಗಿದೆಯೆ? ತಪ್ಪಿದರೆ ಮತ್ತೆ ಮತ್ತೆ ಯತ್ನಿಸಲು ದಿನಗಳಿವೆಯೆ? ನಾಚಿಕೆಯಿಲ್ಲದೆ ನೆರವನ್ನು ಕೇಳಲು ಅದಕ್ಕೆ ಒಬ್ಬ ಜೊತೆಗಾರನೋ ಅಧ್ಯಾಪಕರೋ ಇದ್ದಾರೆಯೆ? ಮೂರಕ್ಕೂ ಹೌದು ಎಂಬ ಉತ್ತರವಿದ್ದರೆ ಕೆಲಸವು ಎಷ್ಟೇ ಕಠಿಣವಾಗಿ ಕಂಡರೂ ಮಗುವಿಗೆ ಅದನ್ನು ಕೊಡಬಹುದು. ಒಂದಕ್ಕಾದರೂ ಇಲ್ಲ ಎಂದಾದರೆ ಮೊದಲು ಆ ಕೊರತೆಯನ್ನು ಸರಿಪಡಿಸಬೇಕು.

ಪ್ರದರ್ಶನಕ್ಕೆ ಎರಡು ದಿನವಿರುವಾಗ ಹೊಸ ಹಾಡನ್ನು ಕೊಡುವುದು ಹೊರೆ. ಎಂಟು ವಾರ ಮೊದಲೇ ಅದೇ ಹಾಡನ್ನು ಕೊಡುವುದು ಸವಾಲು. ತಪ್ಪು ಮಾಡಿದ ಮಗುವನ್ನು ಎಲ್ಲರೆದುರು ಅಣಕಿಸಿ ತಿದ್ದುವುದು ಹೊರೆ. ತಪ್ಪಿದ ಸಾಲನ್ನು ಇಡೀ ಗುಂಪಿನಿಂದ ಮತ್ತೊಮ್ಮೆ ಹಾಡಿಸುವುದು ಸವಾಲು. ಕಷ್ಟದ ಪ್ರಮಾಣಕ್ಕಿಂತ ಅದನ್ನು ಕೊಡುವ ರೀತಿಯೇ ಹೆಚ್ಚಿನ ವ್ಯತ್ಯಾಸವನ್ನು ಉಂಟುಮಾಡುತ್ತದೆ.

ಕೃತಿಯ ಆಯ್ಕೆ

ಕನ್ನಡದಲ್ಲಿ ಮಕ್ಕಳ ರಂಗಕ್ಕೆ ಒದಗುವ ಕೃತಿಗಳಿಗೆ ಬಡತನವಿಲ್ಲ. ಗಡಿಗೆ ಸಮೀಪದ ಪುತ್ತೂರಿನ ಬಾಲವನದಲ್ಲಿ ನೆಲೆಸಿದ್ದ ಶಿವರಾಮ ಕಾರಂತರು ಗೀತನಾಟಕಗಳಲ್ಲಿ ಹಲವು ಪ್ರಯೋಗಗಳನ್ನು ನಡೆಸಿದರು. ಪು.ತಿ.ನ. ಅವರು ‘ಗೋಕುಲ ನಿರ್ಗಮನ’ದಂತಹ ಗೀತನಾಟಕಗಳನ್ನು ರಚಿಸಿದರು. ಬಂಟ್ವಾಳ ತಾಲ್ಲೂಕಿನ ಮಂಚಿಯವರಾದ ಬಿ.ವಿ. ಕಾರಂತರು ರವೀಂದ್ರನಾಥ ಠಾಕೂರರ ಗಿಳಿಯ ಕಥೆಯನ್ನು ಆಧರಿಸಿ ಮಕ್ಕಳಿಗಾಗಿ ‘ಪಂಜರಶಾಲೆ’ಯನ್ನು ರೂಪಿಸಿದರು, ಪುಸ್ತಕಗಳ ಭಾರದಡಿಯಲ್ಲಿ ಹಾಡನ್ನೇ ಕಳೆದುಕೊಂಡ ಗಿಳಿಯ ಆ ಕಥೆಯು ಅಧ್ಯಾಪಕರಿಗೂ ಒಂದು ಪಾಠ.

ಈ ಲೇಖನದಲ್ಲಿ ಉದಾಹರಣೆಗಾಗಿ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ತೆಗೆದುಕೊಳ್ಳಲಾಗಿದೆ. ರಾಬರ್ಟ್ ಬ್ರೌನಿಂಗ್ ಅವರ ಆಂಗ್ಲ ಕಥನಕವನವನ್ನು ತುಂಗೆಯ ತೀರಕ್ಕೆ ತಂದು ಕನ್ನಡದ್ದೇ ಆಗಿಸಿದ ಈ ಕವನವು ಬಹುಮಂದಿ ಅಧ್ಯಾಪಕರಿಗೆ ಬಾಲ್ಯದಿಂದಲೇ ಪರಿಚಿತ. ಇದರಲ್ಲಿ ಗುಂಪಿಗೆ ಕೆಲಸವಿದೆ, ಲಯವಿದೆ, ನಗೆಯಿದೆ; ಎಲ್ಲಕ್ಕಿಂತ ಮಿಗಿಲಾಗಿ ಮಕ್ಕಳು ವಾದಿಸಬಹುದಾದ ಒಂದು ನೈತಿಕ ಪ್ರಶ್ನೆಯಿದೆ. ಇಲಿಗಳ ಕಾಟವನ್ನು ನಿವಾರಿಸಿದರೆ ಹಣ ಕೊಡುವೆನೆಂದು ಊರಿನ ಗೌಡನು ಮಾತು ಕೊಡುತ್ತಾನೆ; ಕೆಲಸವಾದ ಮೇಲೆ ಮಾತಿಗೆ ತಪ್ಪುತ್ತಾನೆ. ಆ ತಪ್ಪಿಗೆ ಊರು ತೆರುವ ಬೆಲೆ ಅದರ ಮಕ್ಕಳು. ದೊಡ್ಡವರ ವಚನಭಂಗಕ್ಕೆ ಮಕ್ಕಳೇಕೆ ಬಲಿಯಾಗಬೇಕು, ಜೋಗಿಯು ಮಾಡಿದ್ದು ನ್ಯಾಯವೆ ಎಂಬ ಚರ್ಚೆಯನ್ನು ಐದನೆಯ ತರಗತಿಯ ಮಕ್ಕಳೂ ಬಿಸಿಬಿಸಿಯಾಗಿ ನಡೆಸಬಲ್ಲರು. ಉತ್ತರ ಸುಲಭವಾಗಿ ಸಿಗದ ಪ್ರಶ್ನೆಯೊಂದು ಕಥೆಯಲ್ಲಿದ್ದರೆ ಮಕ್ಕಳು ಮಾತನ್ನು ಬಾಯಿಪಾಠವಾಗಿ ಒಪ್ಪಿಸದೆ ಅರ್ಥವರಿತು ಆಡುತ್ತಾರೆ.

ಪ್ರಕಟಿತ ಕೃತಿಯನ್ನು ಆಡುವಾಗ ಹಕ್ಕುಸ್ವಾಮ್ಯದ ವಿಚಾರವನ್ನೂ ಗಮನಿಸಬೇಕು. ಶಾಲೆಯ ಚಟುವಟಿಕೆಯ ಅಂಗವಾಗಿ ಸಿಬ್ಬಂದಿ ಮತ್ತು ವಿದ್ಯಾರ್ಥಿಗಳು ನಡೆಸುವ ಪ್ರದರ್ಶನಕ್ಕೆ, ಪ್ರೇಕ್ಷಕರು ಶಾಲೆಯವರು, ಪೋಷಕರು ಮತ್ತು ಶಾಲೆಗೆ ಸಂಬಂಧಪಟ್ಟವರಷ್ಟೇ ಆಗಿದ್ದಲ್ಲಿ, 1957ರ ಹಕ್ಕುಸ್ವಾಮ್ಯ ಕಾಯಿದೆಯ 52ನೆಯ ಸೆಕ್ಷನ್ ವಿನಾಯಿತಿ ನೀಡುತ್ತದೆ. ಸಾರ್ವಜನಿಕ ವೇದಿಕೆಗೆ ಕೊಂಡೊಯ್ಯುವುದಾದರೆ ಹಕ್ಕುದಾರರ ಅನುಮತಿಯನ್ನು ಪಡೆಯಬೇಕು.

ಪಾತ್ರಗಳ ಹಂಚಿಕೆ

ಚೆನ್ನಾಗಿ ಹಾಡುವ ನಾಲ್ವರನ್ನು ಆರಿಸಿಕೊಂಡು ಉಳಿದವರನ್ನು ಪ್ರೇಕ್ಷಕರನ್ನಾಗಿಸುವುದು ಶಾಲಾನಾಟಕದ ಉದ್ದೇಶಕ್ಕೆ ವಿರುದ್ಧವಾದದ್ದು. ಮೂವತ್ತೆರಡು ಮಕ್ಕಳಿರುವ ತರಗತಿಯೊಂದನ್ನು ಭಾವಿಸಿಕೊಳ್ಳೋಣ. ಹನ್ನೆರಡು ಮಂದಿ ಇಲಿಗಳು, ಹತ್ತು ಮಂದಿ ಊರ ಜನ, ಗೌಡ ಮತ್ತು ಮೂವರು ಹಿರಿಯರು, ಜೋಗಿಯ ಪಾತ್ರಕ್ಕೆ ಪೂರ್ವಾರ್ಧ ಉತ್ತರಾರ್ಧಗಳಿಗೆ ಒಬ್ಬೊಬ್ಬರಂತೆ ಇಬ್ಬರು, ತಾಳ, ಗೆಜ್ಜೆ, ಮದ್ದಳೆ ಅಥವಾ ದಮ್ಮಡಿ ಹಿಡಿಯಲು ನಾಲ್ವರು. ಅಲ್ಲಿಗೆ ಮೂವತ್ತೆರಡೂ ಭರ್ತಿಯಾಯಿತು. ಇಲಿಗಳಾಗಿ ನದಿಗೆ ಇಳಿದ ಹನ್ನೆರಡು ಮಂದಿಯೇ ಕೊನೆಯಲ್ಲಿ ಊರಿನ ಮಕ್ಕಳಾಗಿ ಮರಳಿ ಬರಲಿ. ಇಲಿಗಳನ್ನು ಸೆಳೆದ ಮಟ್ಟೇ ಮಕ್ಕಳನ್ನೂ ಸೆಳೆಯುತ್ತದೆ ಎಂಬುದು ಆಗ ವಿವರಣೆಯಿಲ್ಲದೆ ಎಲ್ಲರಿಗೂ ತಿಳಿಯುತ್ತದೆ.

ಗುಂಪಿನ ಪಾತ್ರವು ಸಂಕೋಚ ಸ್ವಭಾವದ ಮಗುವಿಗೆ ಬಹಳ ಉಪಕಾರಿ. ಹನ್ನೆರಡು ಇಲಿಗಳ ನಡುವೆ ಒಂದಾಗಿ ಹಾಡುವಾಗ ಅದರ ದನಿಯನ್ನು ಯಾರೂ ಬೇರ್ಪಡಿಸಿ ಕೇಳುವುದಿಲ್ಲ. ಮೂರನೆಯ ವಾರದಲ್ಲಿ ಅದೇ ಮಗುವಿಗೆ ಮೂರು ಶಬ್ದಗಳ ಒಂದು ಒಂಟಿ ಮಾತನ್ನು ಕೊಡಬಹುದು. ಐದನೆಯ ವಾರದಲ್ಲಿ ಒಂದು ಪೂರ್ಣ ಸಾಲನ್ನು. ತೊದಲುವ ಮಗುವನ್ನು ರಂಗದಿಂದ ದೂರವಿಡುವ ರೂಢಿಯು ಕೆಲವೆಡೆ ಇದೆ. ಮಾತಿನಲ್ಲಿ ತೊದಲುವ ಅನೇಕರಿಗೆ ಹಾಡುವಾಗ ತೊದಲು ಬಹುಮಟ್ಟಿಗೆ ಕಾಣಿಸುವುದಿಲ್ಲ ಎಂಬುದು ತಿಳಿದಿರುವ ಸಂಗತಿ. ಗೇಯನಾಟಕವು ತೊದಲಿಗೆ ಚಿಕಿತ್ಸೆಯಲ್ಲ. ಆದರೆ ತಾನೂ ನಿರರ್ಗಳವಾಗಿ ಕನ್ನಡವನ್ನು ನುಡಿಯಬಲ್ಲೆನೆಂಬ ಅನುಭವವು ಆ ಮಗುವಿಗೆ ಒಮ್ಮೆಯಾದರೂ ದೊರೆಯಬೇಕು. ಹಾಗೆಯೇ, ರಂಗದ ಮೇಲೆ ಬರಲು ಒಪ್ಪದ ಮಗುವನ್ನು ಬಲವಂತಪಡಿಸಬಾರದು. ತಾಳ ಹಿಡಿಯುವುದು, ಪರದೆ ಎಳೆಯುವುದು, ಮಾತನ್ನು ನೆನಪಿಸುವುದು ಇವೂ ಜವಾಬ್ದಾರಿಯ ಕೆಲಸಗಳೇ.

ಎಂಟು ವಾರಗಳ ಕ್ರಮ

ವಾರಕ್ಕೆ ನಲವತ್ತು ನಿಮಿಷಗಳ ಮೂರು ಅವಧಿಗಳಂತೆ ಎಂಟು ವಾರಗಳಿಗೆ ಒಟ್ಟು ಹದಿನಾರು ಗಂಟೆಗಳಾಗುತ್ತವೆ. ಭಾಷಾಪಾಠ ಮತ್ತು ಕಲಾಶಿಕ್ಷಣದ ಅವಧಿಗಳನ್ನು ಸೇರಿಸಿಕೊಂಡರೆ ಸಂಜೆ ತಡವಾಗಿ ಮಕ್ಕಳನ್ನು ಉಳಿಸಿಕೊಳ್ಳುವ ಅಗತ್ಯ ಬೀಳುವುದಿಲ್ಲ. ದೂರದಿಂದ ಬಸ್ಸಿನಲ್ಲಿ ಬರುವ ಮಕ್ಕಳಿಗೆ, ವಿಶೇಷವಾಗಿ ಹೆಣ್ಣುಮಕ್ಕಳಿಗೆ, ಸಂಜೆಯ ಅಭ್ಯಾಸವೇ ನಾಟಕವನ್ನು ಬಿಡಲು ಕಾರಣವಾಗಬಾರದು.

ಮೊದಲನೆಯ ವಾರ ಕಥೆಯನ್ನು ಓದಿ ಚರ್ಚಿಸಬೇಕು. ಪಾತ್ರಗಳನ್ನು ಆಗ ಹಂಚಬಾರದು. ಎರಡನೆಯ ವಾರ ಎಲ್ಲರೂ ಎಲ್ಲ ಹಾಡುಗಳನ್ನು ಕಲಿಯಬೇಕು. ಇದರಿಂದ ಯಾವುದೇ ಮಗು ಗೈರುಹಾಜರಾದರೂ ನಾಟಕವು ನಿಲ್ಲುವುದಿಲ್ಲ. ಶ್ರುತಿಯನ್ನು ನಿರ್ಧರಿಸುವಾಗ ಅಧ್ಯಾಪಕರ ಕಂಠವನ್ನು ಅಳತೆಗೋಲಾಗಿ ಇಟ್ಟುಕೊಳ್ಳಬಾರದು. ಪುರುಷ ಅಧ್ಯಾಪಕರು ತಮಗೆ ಅನುಕೂಲವಾದ ತಗ್ಗಿನ ಶ್ರುತಿಯಲ್ಲಿ ಹೇಳಿಕೊಟ್ಟರೆ ಎಳೆಯ ಮಕ್ಕಳ ದನಿಯು ಗಂಟಲಲ್ಲೇ ಉಳಿಯುತ್ತದೆ. ಹಾಡಿನ ಅತಿ ಎತ್ತರದ ಮತ್ತು ಅತಿ ತಗ್ಗಿನ ಸ್ವರಗಳೆರಡನ್ನೂ ಇಡೀ ತರಗತಿಯಿಂದ ಹಾಡಿಸಿ, ಹೆಚ್ಚು ಮಂದಿ ಕಿರುಚದೆ ತಲುಪುವ ಶ್ರುತಿಯನ್ನು ಆರಿಸಿಕೊಳ್ಳಬೇಕು. ಏಳು, ಎಂಟನೆಯ ತರಗತಿಗಳ ಗಂಡುಮಕ್ಕಳಲ್ಲಿ ದನಿ ಒಡೆಯುವ ಕಾಲವದು. ಅವರನ್ನು ಎತ್ತರದ ಸ್ವರಗಳಿಗೆ ಒತ್ತಾಯಿಸದೆ ಮಾತು ಹೆಚ್ಚಿರುವ ಪಾತ್ರಗಳನ್ನು ಕೊಡುವುದು ಒಳ್ಳೆಯದು.

ಮೂರನೆಯ ವಾರ ಪಾತ್ರಗಳ ಹಂಚಿಕೆ, ನಾಲ್ಕನೆಯ ವಾರ ಚಲನೆ. ಐದನೆಯ ವಾರ ಹಾಡು, ಮಾತು, ಚಲನೆಗಳನ್ನು ಒಂದುಗೂಡಿಸಬೇಕು. ಈ ಹಂತದಲ್ಲಿ ಎಲ್ಲವೂ ಕೆಟ್ಟುಹೋದಂತೆ ಕಾಣುವುದು ಸಹಜ. ಕುಳಿತು ಚೆನ್ನಾಗಿ ಹಾಡುತ್ತಿದ್ದವರು ನಡೆಯುತ್ತ ಹಾಡುವಾಗ ತಾಳ ತಪ್ಪುತ್ತಾರೆ. ಎರಡು ಕೌಶಲಗಳು ಒಂದಾಗುವಾಗ ಪ್ರತಿಯೊಂದೂ ಸ್ವಲ್ಪ ಹಿಂದೆ ಸರಿಯುತ್ತದೆ. ಇದು ಕಲಿಕೆಯ ಲಕ್ಷಣವೆಂದು ಮಕ್ಕಳಿಗೆ ಮುಂಚಿತವಾಗಿಯೇ ತಿಳಿಸಿದರೆ ಅವರು ಎದೆಗುಂದುವುದಿಲ್ಲ. ಅಧ್ಯಾಪಕರೂ ಈ ವಾರ ಸಿಡುಕಿಗೆ ಎಡೆಗೊಡಬಾರದು. ನಾಟಕವನ್ನು ಕೈಬಿಟ್ಟು ಧ್ವನಿಮುದ್ರಣಕ್ಕೆ ಮೊರೆಹೋಗುವ ಮನಸ್ಸು ಬರುವುದು ಹೆಚ್ಚಾಗಿ ಈ ಹಂತದಲ್ಲಿಯೇ.

ಆರನೆಯ ವಾರ ಅಧ್ಯಾಪಕರು ರಂಗದ ಮುಂದಿನಿಂದ ಸಭಾಂಗಣದ ಹಿಂದಿನ ಸಾಲಿಗೆ ಸರಿಯಬೇಕು. ಹಾಡಿನ ಎತ್ತುಗಡೆಯನ್ನು ಭಾಗವತಿಕೆಯ ಮಗುವು ಕೊಡಲಿ, ತಾಳವನ್ನು ಮೇಳದ ನಾಲ್ವರು ಕಾಯಲಿ. ಎಂಟನೆಯ ವಾರ ಮೊದಲು ಕೆಳ ತರಗತಿಯ ಮಕ್ಕಳೆದುರು ಒಂದು ಪ್ರದರ್ಶನ, ಬಳಿಕ ಊರವರೆದುರು ಇನ್ನೊಂದು.

ತಪ್ಪಿನ ಅಭ್ಯಾಸ

ಏಳನೆಯ ವಾರವನ್ನು ತಪ್ಪುಗಳಿಗಾಗಿಯೇ ಮೀಸಲಿಡಬೇಕು. ರಂಗದ ಮೇಲೆ ಏನಾದರೊಂದು ತಪ್ಪುವುದು ನಿಶ್ಚಿತ. ಆದುದರಿಂದ ಸಾವರಿಸಿಕೊಳ್ಳುವುದನ್ನೂ ಕಲಿಸಬೇಕಾಗುತ್ತದೆ. ಅಧ್ಯಾಪಕರು ಒಬ್ಬ ಪಾತ್ರಧಾರಿಯ ಕಿವಿಯಲ್ಲಿ ಹೇಳಿ ಅವನ ಮಾತನ್ನು ಬೇಕೆಂದೇ ಬಿಡಿಸಬಹುದು. ಮದ್ದಳೆಯನ್ನು ನಡುವೆ ನಿಲ್ಲಿಸಬಹುದು. ದೀಪವನ್ನು ಆರಿಸಬಹುದು. ಧ್ವನಿವರ್ಧಕವನ್ನು ಬಂದ್ ಮಾಡಬಹುದು. ಉಳಿದ ಮಕ್ಕಳು ನಾಟಕವನ್ನು ನಿಲ್ಲಿಸದೆ ಮುಂದುವರಿಸಬೇಕು. ಗೌಡನು ಮಾತು ಮರೆತರೆ ಪಕ್ಕದ ಹಿರಿಯನು ಅದನ್ನೇ ಪ್ರಶ್ನೆಯಾಗಿಸಿ ಕೇಳಬಹುದು. ಊರ ಜನ ಪಲ್ಲವಿಯನ್ನು ಇನ್ನೊಮ್ಮೆ ಹಾಡಿ ಅವನಿಗೆ ಸಮಯ ಕೊಡಬಹುದು. ತಾಳಮದ್ದಳೆಯ ಅರ್ಥಧಾರಿಗಳು ಬರೆದಿಟ್ಟ ಸಂಭಾಷಣೆಯಿಲ್ಲದೆ ಎದುರಾಳಿಯ ಮಾತಿಗೆ ತಕ್ಕ ಉತ್ತರವನ್ನು ಅಲ್ಲಿಯೇ ಕಟ್ಟುವುದು ಇದೇ ಶಕ್ತಿಯ ಉನ್ನತ ರೂಪ.

ಈ ಅಭ್ಯಾಸದಿಂದ ಎರಡು ಪ್ರಯೋಜನಗಳಿವೆ. ತಪ್ಪು ಎಂದರೆ ಅವಮಾನ ಎಂಬ ಭಾವನೆಯು ಸಡಿಲವಾಗುತ್ತದೆ. ಇನ್ನೊಬ್ಬರ ತಪ್ಪನ್ನು ನೋಡಿ ನಗುವ ಬದಲು ಅದನ್ನು ಮುಚ್ಚಿ ಮುಂದೆ ಸಾಗಿಸುವ ಹೊಣೆ ಎಲ್ಲರದಾಗುತ್ತದೆ. ಜೊತೆಗಾರನು ಎಡವಿದಾಗ ಕೈಹಿಡಿದ ಮಕ್ಕಳು ತರಗತಿಯ ಓದಿನಲ್ಲಿಯೂ ಒಬ್ಬರನ್ನೊಬ್ಬರು ಕೇಳಿ ಕಲಿಯಲು ಅಂಜುವುದಿಲ್ಲ.

ಭಾಷೆಗೆ ದೊರೆಯುವ ಲಾಭ

ಗಡಿನಾಡಿನ ತರಗತಿಯಲ್ಲಿ ಉಚ್ಚಾರಣೆಯನ್ನು ತಿದ್ದುವುದು ಸೂಕ್ಷ್ಮವಾದ ಕೆಲಸ. ಪದೇ ಪದೇ ತಿದ್ದಿಸಿಕೊಂಡ ಮಗುವು ಮಾತನ್ನೇ ಕಡಿಮೆ ಮಾಡುತ್ತದೆ. ಹಾಡಿನಲ್ಲಿ ತಿದ್ದುವ ಕೆಲಸವನ್ನು ತಾಳವೇ ವಹಿಸಿಕೊಳ್ಳುತ್ತದೆ. ದೀರ್ಘವನ್ನು ಹ್ರಸ್ವವಾಗಿ ನುಡಿದರೆ ಮಾತ್ರೆ ಕಡಿಮೆಯಾಗಿ ಸಾಲು ಬೇಗ ಮುಗಿಯುತ್ತದೆ. ಒತ್ತಕ್ಷರವನ್ನು ಬಿಟ್ಟರೆ ಹಿಂದಿನ ಅಕ್ಷರದ ಭಾರ ತಪ್ಪುತ್ತದೆ. ಮಗುವಿಗೆ ತಾನಾಗಿಯೇ ಅದು ಗೊತ್ತಾಗುತ್ತದೆ. ಅಕ್ಕಿ–ಹಕ್ಕಿ, ಬೆಲೆ–ಬೆಳೆ, ಮನೆ–ಮಣೆ, ಹಲ್ಲು–ಹಾಲು ಇಂತಹ ಜೋಡಿಗಳನ್ನು ಊರ ಜನರ ಮಾತುಗಳಲ್ಲಿ ಸೇರಿಸಿದರೆ ಅಭ್ಯಾಸವು ಆಟವಾಗುತ್ತದೆ. ಇಲಿಗಳು ತಿಂದದ್ದು ಅಕ್ಕಿಯನ್ನೋ ಹಕ್ಕಿಯನ್ನೋ ಎಂಬ ಗೊಂದಲದಿಂದಲೇ ಒಂದು ನಗೆಯ ಸನ್ನಿವೇಶವನ್ನು ಮಕ್ಕಳು ಕಟ್ಟಬಲ್ಲರು.

ಛಂದಸ್ಸಿನ ಪಾಠಕ್ಕೂ ಇದು ನೆರವಾಗುತ್ತದೆ. ಕುಮಾರವ್ಯಾಸನ ಭಾಮಿನಿ ಷಟ್ಪದಿಯಲ್ಲಿ 1, 2, 4, 5ನೆಯ ಸಾಲುಗಳಿಗೆ ಮೂರು–ನಾಲ್ಕರ ಗಣಗಳಂತೆ 14 ಮಾತ್ರೆಗಳು. 3 ಮತ್ತು 6ನೆಯ ಸಾಲುಗಳಿಗೆ ಕೊನೆಯ ಗುರುವೂ ಸೇರಿ 23 ಮಾತ್ರೆಗಳು. ವಾರ್ಧಕದಲ್ಲಿ ಐದೈದು ಮಾತ್ರೆಗಳ ಗಣಗಳು. ಸಾಲಿಗೆ 20 ಮತ್ತು 32. ಕಪ್ಪುಹಲಗೆಯ ಮೇಲೆ ಲಘುಗುರುಗಳ ಗುರುತು ಹಾಕಿ ಎಣಿಸುವುದು ಪರೀಕ್ಷೆಗೆ ಬೇಕು. ಆದರೆ ಮೂರಕ್ಕೆ ಒಂದು ತಟ್ಟು, ನಾಲ್ಕಕ್ಕೆ ಒಂದು ತಟ್ಟು ಎಂದು ಕೈಯಲ್ಲಿ ತಾಳ ಹಾಕುತ್ತ ಹಾಡಿದ ಮಗುವಿಗೆ ಮೂರನೆಯ ಸಾಲು ಏಕೆ ಉದ್ದವಾಗಿದೆ, ಕೊನೆಯ ಗುರುವಿನಲ್ಲಿ ಏಕೆ ನಿಲ್ಲಬೇಕು ಎಂಬುದು ಅನುಭವಕ್ಕೆ ಬರುತ್ತದೆ. ನಾಟಕದಲ್ಲಿ ಇಂಥ ಒಂದೆರಡು ಪದ್ಯಗಳನ್ನು ಮಕ್ಕಳಿಂದಲೇ ರಚಿಸಿ ಸೇರಿಸಬಹುದು.

ಮನೆಮಾತಿಗೂ ರಂಗದಲ್ಲಿ ಸ್ಥಳವಿರಲಿ. ಇಲಿಗಳ ಕಾಟದಿಂದ ಊರ ಜನರು ಗೋಳಾಡುವ ಸಂತೆಯ ದೃಶ್ಯದಲ್ಲಿ ಒಬ್ಬ ತುಳುವಿನಲ್ಲಿ, ಮತ್ತೊಬ್ಬಳು ಮಲಯಾಳದಲ್ಲಿ, ಇನ್ನೊಂದೂರಿನ ಶಾಲೆಯಲ್ಲಾದರೆ ಮರಾಠಿಯಲ್ಲೋ ತೆಲುಗಿನಲ್ಲೋ ತಮಿಳಿನಲ್ಲೋ ಕೂಗಲಿ. ಗೌಡನ ಮುಂದೆ ದೂರು ಕೊಡುವಾಗ ಎಲ್ಲರೂ ಕನ್ನಡದಲ್ಲಿ ಸೇರಲಿ. ಮನೆಯ ಮಾತನ್ನು ಹೊರಗಿಟ್ಟು ಬಂದರೆ ಮಾತ್ರ ಕನ್ನಡ ಎಂಬ ಅಳುಕು ಇದರಿಂದ ನೀಗುತ್ತದೆ. ಪ್ರೇಕ್ಷಕರಾಗಿ ಬಂದ ತಾಯಿತಂದೆಯರಿಗೂ ಶಾಲೆಯು ತಮ್ಮದೆಂಬ ಭಾವನೆ ಮೂಡುತ್ತದೆ. ಮಗುವನ್ನು ಮುಂದಿನ ವರ್ಷ ಬೇರೆ ಮಾಧ್ಯಮಕ್ಕೆ ಸೇರಿಸಬೇಕೆ ಎಂದು ಯೋಚಿಸುತ್ತಿರುವ ಪೋಷಕರು ಪ್ರತಿ ಊರಿನಲ್ಲಿಯೂ ಇದ್ದಾರೆ. ಕರಪತ್ರಗಳ ಮಾತಿಗಿಂತ, ತಮ್ಮ ಮಗು ಅಂಜದೆ ನಿಂತು ಸ್ಪಷ್ಟವಾಗಿ ನುಡಿಯುವುದನ್ನು ಕಣ್ಣಾರೆ ಕಾಣುವುದೇ ಅವರಿಗೆ ಶಾಲೆಯ ಬಗೆಗೆ ಹೆಚ್ಚು ತಿಳಿಸುತ್ತದೆ.

ವೆಚ್ಚ ಮತ್ತು ಉಡುಪು

ವೆಚ್ಚದ ಭಯದಿಂದ ಯಾವ ಶಾಲೆಯೂ ಹಿಂಜರಿಯಬೇಕಾಗಿಲ್ಲ. ಇಲಿಗೆ ಹಗ್ಗದ ಬಾಲ, ಹಳೆಯ ಪತ್ರಿಕೆಯ ಕಿವಿ ಸಾಕು. ಗೌಡನಿಗೆ ಮನೆಯ ರುಮಾಲು, ಊರವರಿಗೆ ಪಂಚೆ, ಸೀರೆ. ನದಿಗೆ ಎರಡು ಕಡೆ ಹಿಡಿದು ಅಲುಗಿಸುವ ನೀಲಿ ಬಟ್ಟೆ. ಇವನ್ನು ಮಕ್ಕಳೇ ತಯಾರಿಸಬೇಕು. ಎಷ್ಟು ಹಗ್ಗ ಬೇಕು, ಹನ್ನೆರಡು ಬಾಲಗಳಿಗೆ ಎಷ್ಟೆಷ್ಟು ಉದ್ದ ಎಂಬ ಲೆಕ್ಕವೂ ಅವರದೇ. ಬಾಡಿಗೆಯ ವೇಷವನ್ನು ತೊಟ್ಟ ಮಗುವಿಗೆ ಅದನ್ನು ಹಿಂದಿರುಗಿಸುವ ಚಿಂತೆ. ತಾನೇ ಮಾಡಿದ ಬಾಲವನ್ನು ಕಟ್ಟಿಕೊಂಡ ಮಗುವಿಗೆ ಕುಣಿಯುವ ಉತ್ಸಾಹ. ಯಾವ ಮಗುವಿನಿಂದಲೂ ವೇಷಕ್ಕೆಂದು ಹಣ ಕೇಳಬಾರದು ಎಂಬ ನಿಯಮವನ್ನು ಮೊದಲ ದಿನವೇ ಮಾಡಿಕೊಳ್ಳುವುದು ಒಳ್ಳೆಯದು.

ಮೌಲ್ಯಮಾಪನ

ಶ್ರೇಷ್ಠ ನಟ, ಶ್ರೇಷ್ಠ ಗಾಯಕಿ ಎಂಬ ಬಹುಮಾನಗಳು ತರಗತಿಯ ನಾಟಕಕ್ಕೆ ಒಪ್ಪುವುದಿಲ್ಲ. ಅಳೆಯಬೇಕಾದದ್ದು ಮಗುವು ತಾನಿದ್ದ ಸ್ಥಳದಿಂದ ಎಷ್ಟು ಮುಂದೆ ಬಂದಿತು ಎಂಬುದನ್ನು. ಮೊದಲನೆಯ ವಾರದಲ್ಲಿ ಪ್ರತಿಯೊಬ್ಬರಿಂದಲೂ ಪರಿಚಿತವಲ್ಲದ ಒಂದು ಗದ್ಯಭಾಗವನ್ನು ಗಟ್ಟಿಯಾಗಿ ಓದಿಸಿ, ಎಲ್ಲಿ ತಡೆದರು, ದನಿ ಎಷ್ಟು ದೂರ ಕೇಳಿಸಿತು ಎಂಬುದನ್ನು ಟಿಪ್ಪಣಿ ಮಾಡಿಕೊಳ್ಳಬೇಕು. ಪ್ರದರ್ಶನದ ಬಳಿಕ ಅಷ್ಟೇ ಕಠಿಣತೆಯ ಇನ್ನೊಂದು ಭಾಗವನ್ನು ಓದಿಸಿ ಹೋಲಿಸಬೇಕು. ಜೊತೆಗೆ ಪ್ರತಿ ವಾರದ ಕೊನೆಗೆ ಮಕ್ಕಳು ಮೂರು ಪ್ರಶ್ನೆಗಳಿಗೆ ತಮ್ಮ ಪುಸ್ತಕದಲ್ಲಿ ಎರಡೆರಡು ಸಾಲು ಬರೆಯಲಿ: ಈ ವಾರ ನನಗೆ ಕಷ್ಟವೆನಿಸಿದ್ದು ಯಾವುದು? ಅದಕ್ಕೆ ನಾನು ಏನು ಮಾಡಿದೆ? ಯಾರು ನೆರವಾದರು? ಎಂಟು ವಾರಗಳ ಈ ಬರಹವು ಅಧ್ಯಾಪಕರಿಗೆ ಅಂಕಪಟ್ಟಿಯಲ್ಲಿ ಕಾಣದ ವಿಷಯಗಳನ್ನು ತಿಳಿಸುತ್ತದೆ. ಐದನೆಯ ವಾರದಲ್ಲಿ ಬಿಟ್ಟುಬಿಡಬೇಕೆಂದು ಬರೆದ ಮಗು ಎಂಟನೆಯ ವಾರದಲ್ಲಿ ಏನು ಬರೆಯಿತು ಎಂಬುದನ್ನು ಆ ಮಗುವಿಗೇ ಓದಿ ತೋರಿಸಬೇಕು. ತಾನು ದಾಟಿ ಬಂದ ದೂರವನ್ನು ಮಗುವು ತನ್ನ ಅಕ್ಷರದಲ್ಲಿಯೇ ನೋಡುತ್ತದೆ.

ಪ್ರದರ್ಶನ ಮುಗಿದ ಮರುದಿನವೂ ಕೆಲಸವಿದೆ. ಮಕ್ಕಳು ಸೇರಿಸಿದ ಮಾತುಗಳು, ರಚಿಸಿದ ಪದ್ಯಗಳು, ತಾಳದ ಗುರುತುಗಳು, ರಂಗದ ನಕ್ಷೆ ಇವೆಲ್ಲವನ್ನೂ ಒಂದು ಕಡತದಲ್ಲಿ ಹೊಲಿದು ಶಾಲೆಯ ಗ್ರಂಥಾಲಯದಲ್ಲಿ ಇಡಬೇಕು. ಮುಂದಿನ ವರ್ಷ ಕೆಳಗಿನ ತರಗತಿಯವರು ನಾಟಕವನ್ನು ಕೈಗೆತ್ತಿಕೊಂಡಾಗ ಹಾಡುಗಳನ್ನು ಕಲಿಸುವ ಹೊಣೆಯನ್ನು ಈ ವರ್ಷದ ಇಲಿಗಳಿಗೂ ಗೌಡನಿಗೂ ಜೋಗಿಗೂ ಒಪ್ಪಿಸಬಹುದು. ಕಲಿತದ್ದನ್ನು ಇನ್ನೊಬ್ಬರಿಗೆ ಕನ್ನಡದಲ್ಲಿ ಕಲಿಸುವುದು ಆ ಮಕ್ಕಳ ಮುಂದಿನ ಸವಾಲು.